ಸಡಿಲಣ್ಣನ ಒಳಮಡಿಕೆ

ಆ ಬೀದಿಯಲ್ಲಿ ದರ್ಜಿಯ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸಡಿಲಣ್ಣ ಎಂದರೆ ಸಾಕು, ಅಂಚೆಯವನಿಂದ ಹಿಡಿದು ಆಡುವ ಮಕ್ಕಳವರೆಗೆ ಎಲ್ಲರೂ ಔಷಧಿ ಅಂಗಡಿಯ ಪಕ್ಕದ ಆ ಇಕ್ಕಟ್ಟಾದ ಗೂಡಿನ ಕಡೆಗೆ ಬೆರಳು ತೋರಿಸುತ್ತಿದ್ದರು. ಹೆಸರು ಬಂದದ್ದು ಅವನ ಕೈಯಿಂದಲೇ. ಯಾರು ಯಾವ ಬಟ್ಟೆ ತಂದುಕೊಟ್ಟರೂ ಅಳತೆಗಿಂತ ಬೆರಳಷ್ಟು ಸಡಿಲವಾಗಿ ಹೊಲಿಯುತ್ತಿದ್ದ. ಅದು ಸಾಲದು ಎಂಬಂತೆ ಪಕ್ಕೆಯ ಹೊಲಿಗೆಯ ಒಳಗೆ, ಅಂಚಿನಲ್ಲಿ, ತೋಳಿನ ತುದಿಯಲ್ಲಿ ಧಾರಾಳವಾಗಿ ಬಟ್ಟೆ ಮಡಚಿ ಬಿಡುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು ಒಳಮಡಿಕೆ. ಮಗು ಬೆಳೆದಾಗ ಹೊಲಿಗೆ ಬಿಚ್ಚಿ ಆ ಮಡಿಕೆಯನ್ನು ಹೊರಗೆ ಬಿಟ್ಟರೆ ಅದೇ ಅಂಗಿ ಮತ್ತೆ ಮೈಗೆ ಆಗುತ್ತಿತ್ತು.

ಪ್ರಾಯದ ಹುಡುಗರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಈ ಪ್ಯಾಂಟಿನೊಳಗೆ ನಾನೂ ನಮ್ಮಪ್ಪನೂ ಒಟ್ಟಿಗೆ ನಿಲ್ಲಬಹುದು ಎಂದು ಒಬ್ಬ ಜಗಳಕ್ಕೇ ಬಂದಿದ್ದ. ಆದರೆ ತಾಯಂದಿರಿಗೆ ಸಡಿಲಣ್ಣನೇ ಬೇಕು. ಶಾಲೆಯ ಸಮವಸ್ತ್ರ ಹೊಲಿಸಲು ಬಂದವರು ತಪ್ಪದೆ ಕೇಳುತ್ತಿದ್ದುದು ಒಂದೇ ಮಾತು: ಎಷ್ಟು ವರ್ಷ ಬರುತ್ತೆ ಮಾಸ್ಟ್ರೇ? ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಅವನು ಉತ್ತರ ಕೊಡುತ್ತಿದ್ದ: ಮೂರು ವರ್ಷ ಈ ಕಡೆ ತಲೆ ಹಾಕಬೇಡಿ. ಗಿರಾಕಿಗೆ ಮೂರು ವರ್ಷ ಬರಬೇಡ ಎನ್ನುವ ಅಂಗಡಿಯವನು ಉದ್ಧಾರವಾಗುವುದುಂಟೇ? ಹೆಂಡತಿ ಕೇಳುತ್ತಿದ್ದುದೂ ಅದನ್ನೇ. ಅವನು ನಕ್ಕುಬಿಡುತ್ತಿದ್ದ. ನಗುವುದಕ್ಕೆ ಆಗ ಕಾರಣಗಳಿದ್ದವು, ಅದರಲ್ಲಿ ದೊಡ್ಡದು ಮಗಳು.

ಮಗಳು ಚುರುಕು. ಆದರೆ ಅವಳ ತಲೆಗೆ ಓದಿನ ಹುಳು ಬಿಟ್ಟದ್ದು ಪುಸ್ತಕವಲ್ಲ, ಅತ್ತೆಯ ಕೈ. ಸಡಿಲಣ್ಣನ ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದ, ದಪ್ಪ ಮೈಯ, ಬಾಯಿ ಜೋರಿನ ಹೆಂಗಸು. ಒಂದು ಸಲ ಹಾಸಿಗೆ ಬಟ್ಟೆ ಒತ್ತುವ ಉರುಳೆಗೆ ಅವಳ ಬಲಗೈ ಸಿಕ್ಕಿತು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಶಾಲೆಗೆ ರಜೆಯಿದ್ದುದರಿಂದ ದಿನಾ ಅತ್ತೆಯ ಜೊತೆ ಚಿಕಿತ್ಸೆಯ ಕೋಣೆಗೆ ಹೋದವಳು ಮಗಳು. ಅಲ್ಲಿ ಬಿಳಿ ಕೋಟಿನ ಒಬ್ಬಳು ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಬೈಸಿಕೊಂಡು, ಸಮಾಧಾನ ಹೇಳಿ, ರಜೆ ಮುಗಿಯುವ ಹೊತ್ತಿಗೆ ಅತ್ತೆಯ ಕೈಗೆ ಲೋಟ ಹಿಡಿಯುವಷ್ಟು ಬಲ ತರಿಸಿದಳು. ಮನೆಗೆ ಬಂದ ಮಗಳು ತಾನು ಫಿಸಿಯೋಥೆರಪಿ ಓದುತ್ತೇನೆ ಎಂದಳು. ಅತ್ತೆ ಬೆರಳು ಆಡಿಸುತ್ತಾ, ಮೊದಲ ಪೇಷಂಟ್ ನಾನೇ, ನನ್ನ ಮೊಣಕಾಲು ಈಗಲೇ ಬುಕ್ ಮಾಡಿಟ್ಕೋ ಎಂದಳು.

ಸರ್ಕಾರಿ ಕಾಲೇಜಿನಲ್ಲಿ ಇದ್ದ ಸೀಟು ಬೆರಳೆಣಿಕೆಯಷ್ಟು. ಮಗಳಿಗೆ ಸಿಗಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಸಿಕ್ಕಿದ್ದು ಖಾಸಗಿ ಕಾಲೇಜು. ಅದರ ಶುಲ್ಕ ಕೇಳಿ ಸಡಿಲಣ್ಣ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟ. ಆ ಕಾಲೇಜಿನ ಅಂಗಳದಲ್ಲೇ ಸಾಲದವರು ಮೇಜು ಹಾಕಿಕೊಂಡು ಕೂತಿದ್ದರು. ಇತ್ತ ಶುಲ್ಕದ ಕಿಟಕಿ, ಅತ್ತ ಸಾಲದ ಮೇಜು, ನಡುವೆ ನೆರಳಿಗೆ ಒಂದು ಮರ. ಇದಕ್ಕಿಂತ ಅನುಕೂಲ ಇನ್ನೇನು ಬೇಕು!

ಸಾಲ ಕೊಡುವವನು ಬಲು ವಿನಯವಂತ. ಓದು ಮುಗಿಯುವವರೆಗೆ ಒಂದು ಕಾಸೂ ಕಟ್ಟುವುದು ಬೇಡ ಎಂದ. ಶುಲ್ಕ ನೇರವಾಗಿ ಕಾಲೇಜಿಗೆ ಹೋಗುತ್ತದೆ. ಪುಸ್ತಕ, ಓಡಾಟ, ಹಾಸ್ಟೆಲು ಎಂದು ಅದರ ಮೇಲೂ ತೆಗೆದುಕೊಳ್ಳಬಹುದು, ಅದು ನಿಮ್ಮ ಕೈಗೇ ಬರುತ್ತದೆ, ಎಷ್ಟು ಬರೆಯಲಿ ಎಂದು ಕೇಳಿದ. ಮಗಳು ಮನೆಯಿಂದಲೇ ಓಡಾಡುವವಳು, ಹಾಸ್ಟೆಲಿನ ಮಾತೇ ಇರಲಿಲ್ಲ. ಶುಲ್ಕಕ್ಕೆ ಮಾತ್ರ ಸಾಕು ಎಂದು ಬೇರೆ ಯಾರಾದರೂ ಹೇಳುತ್ತಿದ್ದರೇನೋ. ಆದರೆ ಕೂತಿದ್ದವನು ಸಡಿಲಣ್ಣ. ಅಳತೆಗೆ ಸರಿಯಾಗಿ ಕತ್ತರಿಸಿದ ಬಟ್ಟೆ ನಾಳೆ ಬಿಗಿಯಾಗುತ್ತದೆ ಎನ್ನುವುದು ಅವನು ಜೀವಮಾನವಿಡೀ ಕಂಡ ಸತ್ಯ.

"ಬೆಳೆಯೋ ಮಗು ಸಾರ್," ಎಂದ. "ಸ್ವಲ್ಪ ಸಡಿಲವಾಗಿಯೇ ಬರೀರಿ."

ಸಾಲದವನು ನಗುತ್ತಾ ಬರೆದ. ಜಾಮೀನಿಗೆ ಸಂಬಳದವರೊಬ್ಬರು ಬೇಕೆಂದರು, ಅಕ್ಕ ಬಂದಳು. ಎಲ್ಲಿ ಎಂದು ಕೇಳಿ, ಬೆರಳು ತೋರಿಸಿದ ಕಡೆಯೆಲ್ಲ ಅದೇ ಬಲಗೈಯಿಂದ ಸಹಿ ಹಾಕಿದಳು. ಅಕ್ಷರ ಸೊಟ್ಟಗೆ ಬಂದಿದ್ದಕ್ಕೆ, ಇನ್ನು ನಾಲ್ಕು ವರ್ಷ ಬಿಟ್ಟು ನೋಡಿ, ನಮ್ಮ ಹುಡುಗಿ ಇದನ್ನೂ ನೆಟ್ಟಗೆ ಮಾಡ್ತಾಳೆ ಎಂದು ಆ ವಿನಯವಂತನಿಗೇ ಹೇಳಿ ಬಂದಳು.

ಕೈಗೆ ಬಂದ ಆ ಹೆಚ್ಚಿನ ಹಣವನ್ನು ಸಡಿಲಣ್ಣ ಏನು ಮಾಡಿದ ಎಂಬುದೇ ಈ ಕಥೆಯ ಗಂಟು. ಕುಡಿಯಲಿಲ್ಲ, ಜೂಜಾಡಲಿಲ್ಲ, ಹೆಂಡತಿಗೆ ಒಂದು ಸೀರೆ ತರಲಿಲ್ಲ. ಕಾಲರಿನೊಳಗೆ ಇಡುವ ಗಟ್ಟಿ ಬಕ್ರಂ ಬಟ್ಟೆಯ ಒಂದು ಸುರುಳಿ ಅಂಗಡಿಯ ಅಟ್ಟದ ಮೇಲಿತ್ತು. ಹಣವನ್ನು ಅದರೊಳಗೆ ಸುತ್ತಿ, ದಾರ ಕಟ್ಟಿ, ಮೇಲಕ್ಕೇರಿಸಿದ. ಮುಟ್ಟಲೇ ಇಲ್ಲ. ಮಗಳು ಓದು ಮುಗಿಸಿ ಸ್ವಂತದ ಒಂದು ಚಿಕಿತ್ಸೆಯ ಕೋಣೆ ಮಾಡುವಾಗ ಒಂದು ಮಂಚ, ಒಂದು ಯಂತ್ರ, ಬಾಗಿಲಿಗೊಂದು ಪರದೆ ಬೇಕಲ್ಲ. ಅದಕ್ಕೆ ಈ ಒಳಮಡಿಕೆ. ಮುಟ್ಟದೆ ಇಟ್ಟ ಹಣ ಸಾಲ ಹೇಗಾದೀತು, ಬೇಕಾದ ದಿನ ಹಾಗೇ ವಾಪಸು ಕೊಟ್ಟರಾಯಿತು ಎಂದುಕೊಂಡಿದ್ದ. ಸಾಲದವನು ಕಟ್ಟುವುದು ಬೇಡ ಎಂದಿದ್ದನೇ ಹೊರತು ಬೆಳೆಯುವುದಿಲ್ಲ ಎಂದಿರಲಿಲ್ಲ. ಬೆಳೆಯುವ ಮಕ್ಕಳ ಲೆಕ್ಕ ಬಲ್ಲವನಿಗೆ ಬೆಳೆಯುವ ಸಾಲದ ಲೆಕ್ಕ ಗೊತ್ತಿರಲಿಲ್ಲ. ಹೇಳಬೇಕಾದವರು ಹೇಳಲಿಲ್ಲ, ಇವನು ಕೇಳಲಿಲ್ಲ.

ಕಾಲೇಜಿಗೆ ಬಿಳಿ ಕೋಟು ಬೇಕಾಗಿತ್ತು. ಸಡಿಲಣ್ಣ ಮಗಳಿಗೆ ಹೊಲಿದ ಕೋಟು ಬೀದಿಗೆಲ್ಲ ತಮಾಷೆಯಾಯಿತು. ಎರಡೂ ಪಕ್ಕಕ್ಕೆ ಅಂಗೈಯಗಲದ ಮಡಿಕೆ, ಕೆಳಗೆ ಅದಕ್ಕಿಂತ ದೊಡ್ಡದು. ಹಾಕಿಕೊಂಡರೆ ಮಗಳು ಅದರೊಳಗೆ ಎಲ್ಲಿದ್ದಾಳೆ ಎಂದು ಹುಡುಕಬೇಕು. ಔಷಧಿ ಅಂಗಡಿಯವನು, ಇದರಲ್ಲಿ ನಿಮ್ಮ ಮಗಳು ಓದ್ತಾಳೋ ಸಂಸಾರ ಹೂಡ್ತಾಳೋ ಎಂದು ಕೇಳಿದ. ಮಗಳೂ ನಕ್ಕಳು. ಅಂಥದ್ದನ್ನೇ ತೊಟ್ಟುಕೊಂಡು ನಾಲ್ಕು ವರ್ಷ ಹೋದಳು, ಒಂದು ದಿನವೂ ಬೇಸರಿಸಲಿಲ್ಲ.

ಕೊನೆಯ ವರ್ಷದಲ್ಲಿ ಕಾಲೇಜಿನವರು ತರಬೇತಿ ಶುಲ್ಕ ಎಂದು ಹೊಸದೊಂದನ್ನು ತಂದರು. ಅದು ಸಾಲದಲ್ಲಿ ಸೇರಿರಲಿಲ್ಲ. ಹೆಂಡತಿ ಅಂದೇ ಹೇಳಿದಳು, ರೀ, ಸುರುಳಿ ಬಿಚ್ಚಿ, ಇನ್ಯಾವತ್ತಿಗೆ ಅದು ಎಂದು. ಅವಳ ಮಾತು ಅವನು ಕೇಳಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಬಟ್ಟೆ ಇನ್ನೂ ಹೊಸದಾಗಿರುವಾಗಲೇ ಒಳಮಡಿಕೆ ಬಿಚ್ಚುವ ದರ್ಜಿ ಎಲ್ಲಾದರೂ ಇದ್ದಾನೆಯೇ? ಅದು ಅವಳ ಕೋಣೆಗೆ, ಮುಟ್ಟಕೂಡದು ಎಂದ. ಕಾಲೇಜಿನವರೂ ಸೌಮ್ಯವಾಗಿಯೇ ಹೇಳಿದರು: ಆಮೇಲೆ ಕಟ್ಟಿ, ಪರೀಕ್ಷೆಗೆ ಕೂತ್ಕೊಳ್ಳಲಿ, ಕಟ್ಟುವವರೆಗೆ ಪದವಿ ಪತ್ರ ನಮ್ಮ ಹತ್ತಿರ ಇರುತ್ತೆ. ಮೊದಲ ಸಂಬಳದಲ್ಲಿ ಬಿಡಿಸಿಕೊಂಡರಾಯಿತು ಎಂದು ಅಪ್ಪ, ಮಗಳು ಇಬ್ಬರೂ ಒಪ್ಪಿಕೊಂಡರು.

ಮಗಳು ಒಳ್ಳೆಯ ದರ್ಜೆಯಲ್ಲಿ ಪಾಸಾದಳು. ಎಲ್ಲಿಗೆ ಹೋದರೂ ಕೇಳಿದ್ದು ಪದವಿ ಪತ್ರ. ಪತ್ರವಿಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಪತ್ರ ಬಿಡಿಸುವ ದುಡ್ಡಿಲ್ಲ. ಅಟ್ಟದ ಸುರುಳಿಯನ್ನು ಸಡಿಲಣ್ಣ ಆಗಲೂ ಮುಟ್ಟಗೊಡಲಿಲ್ಲ. ಕೊನೆಗೆ ಒಂದು ಚಿಕಿತ್ಸಾಲಯದಲ್ಲಿ ಸಹಾಯಕಿ ಎಂದು ಸೇರಿಸಿಕೊಂಡರು. ಮಂಚ ಒರೆಸುವುದು, ಬಿಸಿನೀರಿನ ಚೀಲ ತುಂಬುವುದು, ಪರದೆ ಎಳೆಯುವುದು. ಜನ ಹೆಚ್ಚಾದಾಗ ಯಜಮಾನ ಮೆಲ್ಲಗೆ ಕರೆದು, ಆ ಮೂರನೇ ಮಂಚದವರ ಭುಜ ನೀನೇ ನೋಡಮ್ಮ, ನಿನಗೆ ಬರುತ್ತಲ್ಲ ಎನ್ನುತ್ತಿದ್ದ. ಬರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಂಬಳ ಕೊಡುವಾಗ ಮಾತ್ರ ಮರೆತುಹೋಗುತ್ತಿತ್ತು. ಇಂಥವರ ಹೊಟ್ಟೆ ತಣ್ಣಗಿರಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಇತ್ತ ಸಾಲದ ಕಂತು ಶುರುವಾಯಿತು. ಮಗಳ ಸಂಬಳ ಬಸ್ಸಿಗೂ ಊಟಕ್ಕೂ ಸರಿಹೋಗುತ್ತಿತ್ತು. ಕಂತು ತಪ್ಪಿದರೆ ಜಾಮೀನು ನಿಂತ ಅಕ್ಕನನ್ನು ಹಿಡಿಯುತ್ತಾರೆ ಎಂದು ಸಡಿಲಣ್ಣ ಅಟ್ಟದಿಂದ ಸುರುಳಿ ಇಳಿಸಿದ. ತಿಂಗಳಿಗೊಮ್ಮೆ ದಾರ ಬಿಚ್ಚುವುದು, ಕಟ್ಟುವುದು. ಕೈ ಹಾಕಿದಾಗೆಲ್ಲ ಅವಳ ಕೋಣೆಯಿಂದ ಒಂದೊಂದೇ ಸಾಮಾನು ಹೊರಗೆ ಹೋದಂತೆ ಅನಿಸುತ್ತಿತ್ತು. ಮೊದಲು ಪರದೆ ಹೋಯಿತು, ಆಮೇಲೆ ಯಂತ್ರ, ಆಮೇಲೆ ಮಂಚ. ಹೀಗೆ ವರ್ಷಗಳು ಕಳೆದು, ಒಂದು ತಿಂಗಳು ಸುರುಳಿ ಬಿಚ್ಚಿದರೆ ಒಳಗೆ ಬರೀ ಬಕ್ರಂ. ಆದರೇನು, ಇಷ್ಟೆಲ್ಲ ಕಟ್ಟಿದ ಮೇಲೆ ಸಾಲದ ಅರ್ಧವಾದರೂ ತೀರಿರಬೇಕಲ್ಲ ಎಂದು ವಿಚಾರಿಸಲು ಹೊರಟ.

ಸಾಲದ ಆಫೀಸಿನಲ್ಲಿ ಕೊಡುವವರ ಮೇಜು ಬಾಗಿಲ ಹತ್ತಿರ, ಮೆತ್ತನೆಯ ಕುರ್ಚಿಯ ಸಮೇತ. ವಸೂಲಿಯವರದು ಹಿಂದುಗಡೆ, ಅಲ್ಲಿ ನಿಂತೇ ಮಾತಾಡಬೇಕು. ಅಲ್ಲಿನ ಗುಮಾಸ್ತ ವಯಸ್ಸಾದವನು, ಸಡಿಲಣ್ಣನ ಹಳೆಯ ಗಿರಾಕಿ. ಅವನು ಮೊತ್ತ ತೋರಿಸಿದ. ಸಾಲ ಮಾಡಿದ ದಿನ ಇದ್ದುದಕ್ಕಿಂತ ಹೆಚ್ಚಿತ್ತು. ಓದಿನ ವರ್ಷಗಳ ಬಡ್ಡಿಯೆಲ್ಲ ಅಸಲಿಗೆ ಸೇರಿಕೊಂಡಿದೆ, ಈಗ ಕಟ್ಟುತ್ತಿರುವುದೆಲ್ಲ ಆ ಬಡ್ಡಿಯ ಬಾಯಿಗೇ ಹೋಗುತ್ತಿದೆ ಎಂದು ಗುಮಾಸ್ತ ನಿಧಾನವಾಗಿ ಬಿಡಿಸಿ ಹೇಳಿದ. ಸಡಿಲಣ್ಣ ಒಂದು ಪ್ರಶ್ನೆ ಕೇಳಿದ. ಇದರಲ್ಲಿ ನಾವು ಖರ್ಚು ಮಾಡಿದ್ದು ಎಷ್ಟು, ಮುಟ್ಟದೆ ಇಟ್ಟಿದ್ದು ಎಷ್ಟು, ಬೇರೆ ಬೇರೆ ಮಾಡಿ ತೋರಿಸಿ ಎಂದ. ಮುಟ್ಟದೆ ಇಟ್ಟಿದ್ದೇನು ಎಂದು ಗುಮಾಸ್ತ ಕೇಳಿದ್ದಕ್ಕೆ ಸುರುಳಿಯ ವಿಷಯ ಹೇಳಿದ.

ಗುಮಾಸ್ತ ಕನ್ನಡಕ ತೆಗೆದ. "ಸಾಲಕ್ಕೆ ಮುಟ್ಟಿದ್ದು ಮುಟ್ಟದ್ದು ಅಂತ ಇಲ್ಲ ಮಾಸ್ಟ್ರೇ. ನೀವು ಮಡಚಿಟ್ಟಿದ್ದಕ್ಕೂ ಮೊದಲ ದಿನದಿಂದ ಬಡ್ಡಿ ಓಡಿದೆ."

ಅಂದು ಮನೆಗೆ ಬಂದವನು ಊಟ ಮಾಡಲಿಲ್ಲ. ಹೆಂಡತಿ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮಗಳು ಅವನ ಹಿಂದೆ ಕೂತು, ಯಂತ್ರ ತುಳಿದು ತುಳಿದು ಮರಗಟ್ಟಿದ್ದ ಕತ್ತನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲಿಸಿದಳು. ದಿನಾ ಹಾಗೆ ಮಾಡುವಾಗ, ಫೀಸು ಎಷ್ಟು ಡಾಕ್ಟ್ರೇ ಎಂದು ಕೇಳುವುದು ಅವನ ಅಭ್ಯಾಸ. ಅಂದು ಕೇಳಲಿಲ್ಲ.

ಆಮೇಲೆ ಕಂತು ತಪ್ಪತೊಡಗಿತು. ಬೀದಿಯ ತುದಿಯಲ್ಲಿ ಸಿದ್ಧ ಉಡುಪಿನ ದೊಡ್ಡ ಅಂಗಡಿ ಬಂದಿತ್ತು, ಮೂರು ವರ್ಷ ಬಾಳುವ ಅಂಗಿ ಈಗ ಯಾರಿಗೂ ಬೇಡ. ಚಿಕಿತ್ಸಾಲಯಕ್ಕೆ ಬಂದುಹೋಗುತ್ತಾ ಮಗಳನ್ನು ಮೆಚ್ಚಿಕೊಂಡಿದ್ದ ಔಷಧಿ ಕಂಪನಿಯ ಹುಡುಗನೊಬ್ಬ ಮನೆಯವರೆಗೂ ಬಂದು ಮಾತಾಡಿ ಹೋಗಿದ್ದ. ಅವನ ತಾಯಿ ಸಾಲ ಎಷ್ಟಿದೆ ಎಂದು ಕೇಳಿದಳು. ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗ ಆಮೇಲೆ ಆ ಚಿಕಿತ್ಸಾಲಯಕ್ಕೆ ಬರುವ ದಿನವನ್ನೇ ಬದಲಾಯಿಸಿಕೊಂಡ. ಅದಕ್ಕೆ ಮಗಳು ಅತ್ತಳೋ ಬಿಟ್ಟಳೋ, ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ಪೆಟ್ಟು ಬಿದ್ದದ್ದು ಅಕ್ಕನಿಗೆ. ಜಾಮೀನುದಾರರ ಸಂಬಳದಿಂದ ಕತ್ತರಿಸಿಕೊಳ್ಳುತ್ತೇವೆ ಎಂದು ಆಸ್ಪತ್ರೆಗೆ ಆದೇಶ ಬಂತು. ಅವಳು ಆ ವರ್ಷವೇ ಕೆಲಸ ಬಿಡುವವಳಿದ್ದಳು. ದಿನವಿಡೀ ತೇವದಲ್ಲಿ ನಿಂತು ಮೊಣಕಾಲು ಎರಡೂ ಬಾತಿದ್ದವು. ಕೆಲಸದಿಂದ ಬರುವಾಗ ಅಂಗಡಿಗೆ ಹೊಕ್ಕು, ಏನೋ ಸಡಿಲಾ ಎಂದು ತಮ್ಮನನ್ನು ಛೇಡಿಸಿ ಚಹಾ ಕುಡಿದು ಹೋಗುತ್ತಿದ್ದವಳು ಬರುವುದನ್ನೇ ಬಿಟ್ಟಳು.

ಸಡಿಲಣ್ಣ ಅಂಗಡಿ ಬಿಟ್ಟುಕೊಟ್ಟ. ಯಂತ್ರಗಳನ್ನು ಮಾರಿದ, ಮುಂಗಡದ ಹಣ ವಾಪಸು ಪಡೆದ. ಬಂದದ್ದು ಎರಡರಲ್ಲಿ ಒಂದಕ್ಕೆ ಸಾಕು: ಅಕ್ಕನ ಸಂಬಳ ಬಿಡಿಸಲು ಬಾಕಿ ಕಂತು ಕಟ್ಟಬಹುದು, ಇಲ್ಲವೇ ಕಾಲೇಜಿನಿಂದ ಪತ್ರ ಬಿಡಿಸಬಹುದು. ಅತ್ತೆಯದೇ ಮೊದಲು ಎಂದಳು ಮಗಳು. ಸಡಿಲಣ್ಣ ಇಡೀ ಭಾನುವಾರ ಯೋಚಿಸಿದ. ಬಾಕಿ ಕಟ್ಟಿದರೆ ಮತ್ತೆ ಬಾಕಿ ಬೀಳುತ್ತದೆ; ಪತ್ರ ಬಂದರೆ ಮಗಳು ದುಡಿದು ಎಲ್ಲವನ್ನೂ ತೀರಿಸುತ್ತಾಳೆ.

"ಒಂದು ಪತ್ರ ಬಂದ್ರೆ ಎಲ್ಲಾ ಬರುತ್ತೆ ಮಗಳೇ," ಎಂದ. "ಅಕ್ಕನಿಗೆ ನಾನು ಹೇಳ್ತೀನಿ."

ಅಕ್ಕನಿಗೆ ಹೇಳಿದ. ಆಯ್ತು ಬಿಡೋ ಎಂದಳು, ಅಷ್ಟೇ.

ಕಾಲೇಜಿನಲ್ಲಿ ಶುಲ್ಕ, ದಂಡ, ದಂಡದ ಮೇಲೆ ದಂಡ ಎಲ್ಲವನ್ನೂ ಎಣಿಸಿಕೊಂಡು ಪತ್ರ ಕೊಟ್ಟರು. ಅಪ್ಪ ಮಗಳು ಅಲ್ಲಿಂದ ನೇರವಾಗಿ ನೋಂದಣಿ ಕಚೇರಿಗೆ ಹೋದರು. ಬಸ್ಸಿನಲ್ಲಿ ಸಡಿಲಣ್ಣ ಪತ್ರವನ್ನು ಮಡಚದೆ ಎದೆಗೆ ಒತ್ತಿ ಹಿಡಿದಿದ್ದ. ಕಿಟಕಿಯ ಹಿಂದಿದ್ದ ಹೆಂಗಸು ಕೆಟ್ಟವಳಲ್ಲ. ಪತ್ರವನ್ನು ಎರಡು ಸಲ ಓದಿ, ತಾರೀಕಿನ ಮೇಲೆ ಬೆರಳಿಟ್ಟಳು. ಪಾಸಾಗಿ ಐದು ವರ್ಷದೊಳಗೆ ನೋಂದಣಿ ಆಗಬೇಕಿತ್ತು, ದಾಟಿಹೋಗಿದೆ ಎಂದಳು. ಇನ್ನು ಒಂದು ವರ್ಷದ ತರಬೇತಿಗೆ ಮತ್ತೆ ಸೇರಬೇಕು, ಆಮೇಲೆ ಪರೀಕ್ಷೆ. ಐದು ವರ್ಷವೂ ಪತ್ರ ಕಾಲೇಜಿನವರ ಕಪಾಟಿನಲ್ಲಿತ್ತು ಎಂದು ಅವಳಿಗೆ ಹೇಳುವುದಾದರೂ ಹೇಗೆ, ಹೇಳಿದರೆ ಅವಳು ಮಾಡುವುದಾದರೂ ಏನು? ತರಬೇತಿಗೆ ಶುಲ್ಕ ಎಷ್ಟು ಎಂದು ಮಗಳು ಕೇಳಿದಳು. ಹೆಂಗಸು ಹೇಳಿ, ಮುಖ ನೋಡಿ ಪಾಪ ಅನಿಸಿತೇನೋ, ಒಂದು ಬಣ್ಣದ ಹಾಳೆಯನ್ನು ಮುಂದಕ್ಕೆ ತಳ್ಳಿದಳು.

"ಯೋಚನೆ ಮಾಡ್ಬೇಡಮ್ಮ. ಇದಕ್ಕೂ ಸಾಲ ಸಿಗುತ್ತೆ."

ಮಗಳು ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಬಸ್ಸಿಗೆ ಕಾಯುವಾಗ ಬೆಂಚಿನ ಮೇಲೆ ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಅಪ್ಪಾ, ನನ್ನ ಕೈಗೆ ಎಲ್ಲಾ ನೆನಪಿದೆ ಅಪ್ಪಾ," ಎಂದಳು.

ಸಡಿಲಣ್ಣ ಅಲ್ಲೇ, ಜನರ ಎದುರಿಗೇ ಅತ್ತ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಎರಡು ಬಸ್ಸು ಬಂದು ಹೋದವು.

ಈಗ ಅವನು ಬೀದಿಯ ತುದಿಯ ಆ ಸಿದ್ಧ ಉಡುಪಿನ ಅಂಗಡಿಯಲ್ಲೇ ಮೆಟ್ಟಿಲ ಕೆಳಗಿನ ಜಾಗದಲ್ಲಿ ಕೂತು, ಗಿರಾಕಿಗಳು ಕೊಂಡ ಪ್ಯಾಂಟಿನ ಕಾಲು ಕತ್ತರಿಸುತ್ತಾನೆ. ಒಳಗೆ ಮಡಚಿ ಬಿಡುವ ಹಾಗಿಲ್ಲ, ನೋಡಲು ದಪ್ಪ ಕಾಣುತ್ತದಂತೆ. ಕತ್ತರಿಸಿ ಬುಟ್ಟಿಗೆ ಹಾಕಬೇಕು. ಸಂಜೆ ಗುಡಿಸುವಾಗ ಬುಟ್ಟಿ ತುಂಬಿರುತ್ತದೆ. ಮಗಳು ಅದೇ ಚಿಕಿತ್ಸಾಲಯದಲ್ಲಿ ಪರದೆ ಎಳೆಯುತ್ತಾಳೆ. ಕಳೆದ ವರ್ಷ ಪಾಸಾದ ಹುಡುಗಿಯೊಬ್ಬಳು ಅಲ್ಲಿ ಬಿಳಿ ಕೋಟು ಹಾಕಿಕೊಂಡು ಬಂದಿದ್ದಾಳೆ. ಏನಾದರೂ ಗೊತ್ತಾಗದಿದ್ದರೆ, ಅಕ್ಕಾ, ಇದು ಹೇಗೆ ಎಂದು ಇವಳನ್ನೇ ಕೇಳುತ್ತಾಳೆ. ಇವಳು ಹೇಳಿಕೊಡುತ್ತಾಳೆ.

ಸಡಿಲಣ್ಣನ ಅಕ್ಕನಿಗೆ ನಿವೃತ್ತಿಯ ವಯಸ್ಸು ದಾಟಿತು. ಕತ್ತರಿಸಲು ಸಂಬಳವೇ ಇಲ್ಲದಿದ್ದರೆ ಸಾಲದವರು ಅವಳ ಕೈಗೆ ಬರುವ ನಿವೃತ್ತಿಯ ಹಣಕ್ಕೆ ಬಾಯಿ ಹಾಕುತ್ತಾರೆ. ಅದೊಂದನ್ನು ಉಳಿಸಿಕೊಳ್ಳಲು ಅವಳು ದಿನಗೂಲಿಯ ಮೇಲೆ ಅದೇ ಕೆಲಸಕ್ಕೆ ಮತ್ತೆ ನಿಂತಳು. ದಿನಗೂಲಿಯವರಿಗೆ ಆಸ್ಪತ್ರೆಯಿಂದ ಬಟ್ಟೆ ಕೊಡುವುದಿಲ್ಲ, ಬಿಳಿ ಕೋಟು ಅವರವರೇ ತಂದುಕೊಳ್ಳಬೇಕು. ಅವಳ ಮೈಗೆ ಆಗುವಂಥದ್ದು ಸಿದ್ಧ ಉಡುಪಿನ ಅಂಗಡಿಯಲ್ಲಿ ಇರಲಿಲ್ಲ. ಸಂಗತಿ ಕಿವಿಗೆ ಬಿದ್ದ ಮಗಳು ಪೆಟ್ಟಿಗೆಯ ತಳದಿಂದ ತನ್ನ ಕೋಟನ್ನು ತೆಗೆದು ಅಪ್ಪನ ಮುಂದಿಟ್ಟಳು.

"ಇದನ್ನ ಅತ್ತೆಗೆ ಆಗೋ ಹಾಗೆ ಮಾಡಪ್ಪ. ಒಳಗೆ ಬೇಕಾದಷ್ಟು ಬಟ್ಟೆ ಇದೆಯಲ್ಲ."

ಮನೆಯಲ್ಲಿ ಯಂತ್ರವಿರಲಿಲ್ಲ. ಸಡಿಲಣ್ಣ ಕೈಯಿಂದಲೇ ಹೊಲಿಗೆ ಬಿಚ್ಚಿದ. ಹೊರಗಿನ ಬಟ್ಟೆ ಹಳದಿಗೆ ತಿರುಗಿತ್ತು. ಒಳಮಡಿಕೆ ಮಾತ್ರ ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು. ಎರಡೂ ಪಕ್ಕದ ಮಡಿಕೆಯನ್ನು ಪೂರ್ತಿ ಹೊರಗೆ ಬಿಟ್ಟು ಹೊಲಿದ. ಕಂಕುಳಿಂದ ಕೆಳಗಿನವರೆಗೆ ಎರಡು ಬಿಳಿ ಪಟ್ಟಿ ಉಳಿದವು. ಅವನಿಗೆ ನಾಚಿಕೆಯಾಯಿತು, ಆದರೆ ಅದಕ್ಕೆ ಮಾಡುವಂಥದ್ದು ಏನೂ ಇರಲಿಲ್ಲ.

ಭಾನುವಾರ ಅಕ್ಕ ಬಂದಳು. ಬಹಳ ದಿನದ ಮೇಲೆ ಆ ಮನೆಯ ಮೆಟ್ಟಿಲು ಹತ್ತಿದ್ದಳು, ಒಂದೊಂದಕ್ಕೂ ನಿಂತು. ಕೋಟು ಹಾಕಿಕೊಂಡಳು; ಗುಂಡಿಗಳು ಕೂಡಿದವು. ಕೈ ಮೇಲೆತ್ತಿ, ಬಗ್ಗಿ, ಬಟ್ಟೆಯ ರಾಶಿ ಎಳೆಯುವ ಹಾಗೆ ಮಾಡಿ ನೋಡಿದಳು. ಕುರ್ಚಿಯಲ್ಲಿ ಕೂತ ಮೇಲೆ ಮಗಳು ನೆಲದ ಮೇಲೆ ಕೂತು ಅತ್ತೆಯ ಮೊಣಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆರಳಿನಿಂದ ಬಾವು ಒತ್ತಿ ನೋಡತೊಡಗಿದಳು. ಬಿಡುವು ಕೊಡದ ಹೊರತು ಇದು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು; ಇನ್ನೊಂದು ಮೊಣಕಾಲನ್ನೂ ಎತ್ತಿಟ್ಟುಕೊಂಡಳು. ಸಡಿಲಣ್ಣ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ತೋಳಿನ ತುದಿಯ ಒಂದು ಎಳೆಯನ್ನು ಸರಿಮಾಡುತ್ತಿದ್ದ.

"ಚೆನ್ನಾಗಿ ಆಯ್ತು ಕಣೋ," ಎಂದಳು ಅಕ್ಕ. ಪಕ್ಕದ ಬಿಳಿ ಪಟ್ಟಿಯನ್ನು ಆ ಬಲಗೈಯಿಂದ ಸವರಿದಳು. "ಎಷ್ಟು ವರ್ಷ ಬರುತ್ತೆ ಇದು?"

ಆ ಪ್ರಶ್ನೆಗೆ ಜೀವಮಾನವಿಡೀ ಅವನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಮೂರು ವರ್ಷ. ಸಾಲ ಅದಕ್ಕಿಂತ ಬಹಳ ಹೆಚ್ಚು ವರ್ಷ ಬರುತ್ತದೆ ಎಂದು ಗುಮಾಸ್ತ ಹೇಳಿದ್ದ. ಸಡಿಲಣ್ಣ ತುಟಿಯಿಂದ ಸೂಜಿ ತೆಗೆದ, ಅಕ್ಕನ ಮುಖ ನೋಡಿದ, ಮತ್ತೆ ಸೂಜಿಯನ್ನು ಬಾಯಿಗಿಟ್ಟುಕೊಂಡು ತೋಳಿನ ಕಡೆಗೆ ಬಗ್ಗಿದ.